ಲೆಕ್ಕದ ವಾಕ್ಯ ಮತ್ತು ಅದರ ಅನ್ವಯ: ವ್ಯವಹಾರಗಣಿತದ ಸಮಸ್ಯೆಗಳ ಭಾಷಿಕ ಅಧ್ಯಯನ

ಗಣಿತ ಮತ್ತು ಭಾಷೆ ಪರಸ್ಪರ ದೂರದ ವಿಷಯಗಳೆಂಬ ಭಾವನೆ ನಮ್ಮ ವಿದ್ಯಾವಲಯದಲ್ಲಿ ಬಲವಾಗಿ ನೆಲೆಯೂರಿದೆ. ಕನ್ನಡ ಎಂ.ಎ. ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯೊಂದಿಗೆ ಗಣಿತವನ್ನು ಬಿಟ್ಟು ಬಂದವರು. ಆದರೆ ಅವರು ಬಿಟ್ಟರೂ ಗಣಿತ ಅವರನ್ನು ಬಿಡುವುದಿಲ್ಲ. ಅಧ್ಯಾಪಕ ಹುದ್ದೆಯ ಅರ್ಹತೆಗಾಗಿ ನಡೆಯುವ ಎನ್‌ಇಟಿ ಮತ್ತು ಕೆ-ಸೆಟ್ ಪರೀಕ್ಷೆಗಳ ಮೊದಲ ಪತ್ರಿಕೆಯಲ್ಲಿ ಗಣಿತೀಯ ತಾರ್ಕಿಕತೆಗೆ ಸಂಬಂಧಿಸಿದ ಪ್ರತ್ಯೇಕ ಘಟಕವೇ ಇದೆ. ಇತರ ನೇಮಕಾತಿ ಪರೀಕ್ಷೆಗಳಲ್ಲಿ ‘ಮಾನಸಿಕ ಸಾಮರ್ಥ್ಯ’ ಎಂಬ ಹೆಸರಿನಲ್ಲಿ ವಯಸ್ಸಿನ ಲೆಕ್ಕ, ಶೇಕಡಾವಾರು, ಲಾಭ-ನಷ್ಟ, ಕೆಲಸ ಮತ್ತು ಕಾಲ ಮೊದಲಾದ ಹಳೆಯ ಸಮಸ್ಯೆಗಳೇ ಮರಳಿ ಬರುತ್ತವೆ. ಪಂಪನ ಒಂದು ಕಂದಪದ್ಯವನ್ನು ಬಿಡಿಸಿ ಅನ್ವಯ ಹೇಳಬಲ್ಲ ವಿದ್ಯಾರ್ಥಿ ಎರಡು ಸಾಲಿನ ಲೆಕ್ಕದ ಮುಂದೆ ತಡವರಿಸುವುದು ಸಾಮಾನ್ಯ ಅನುಭವ.

ಈ ತೊಡಕನ್ನು ಗಣಿತದ ದೌರ್ಬಲ್ಯವೆಂದು ಹೇಳಿ ಮುಗಿಸುವುದು ರೂಢಿ. ಸಂತೆಯಲ್ಲಿ ಚಿಲ್ಲರೆ ಎಣಿಸುವಾಗ, ಬಡ್ಡಿ ಕಟ್ಟುವಾಗ, ಗುಂಟೆ ಲೆಕ್ಕದಲ್ಲಿ ಜಮೀನು ಅಳೆಯುವಾಗ ತಪ್ಪದ ಕೂಡು-ಕಳೆ ಪ್ರಶ್ನೆಪತ್ರಿಕೆಯ ಮುಂದೆ ಮಾತ್ರ ಏಕೆ ತಪ್ಪುತ್ತದೆ? ಲೆಕ್ಕದ ವಾಕ್ಯವನ್ನು ಓದಿ ಅದರೊಳಗಿನ ಸಂಬಂಧಗಳನ್ನು ಗುರುತಿಸುವ ಹಂತದಲ್ಲಿಯೇ ತೊಡಕು ಉಂಟಾಗುತ್ತದೆ, ಆ ಹಂತ ಮೂಲತಃ ವ್ಯಾಕರಣಕ್ಕೆ ಸೇರಿದ್ದು ಎಂಬ ವಿಚಾರವನ್ನು ಪ್ರಸ್ತುತ ಲೇಖನದಲ್ಲಿ ಮಂಡಿಸಲಾಗಿದೆ. ನಿತ್ಯವ್ಯವಹಾರದ ಅಂಕಗಣಿತ ಹಾಗೂ ಪ್ರಾಥಮಿಕ ಬೀಜಗಣಿತದ ಕೆಲವು ಸಮಸ್ಯೆಗಳನ್ನು ಬಿಡಿಸಿ ತೋರಿಸುತ್ತ, ಕನ್ನಡದ ವಿಭಕ್ತಿ ಮತ್ತು ಪದಕ್ರಮಗಳು ಅಲ್ಲಿ ನಿರ್ವಹಿಸುವ ಕೆಲಸವನ್ನು ವಿವರಿಸುವುದು ಇದರ ಉದ್ದೇಶ.

1. ಪರಂಪರೆಯ ಹಿನ್ನೆಲೆ

ಗಣಿತವನ್ನು ಭಾಷೆಯ ಮೂಲಕವೇ ಕಲಿಸುವ ದೀರ್ಘ ಪರಂಪರೆ ಕನ್ನಡ ನಾಡಿನಲ್ಲಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ‘ಕವಿರಾಜಮಾರ್ಗ’ ಹುಟ್ಟಿದ್ದೂ ಅದೇ ಅರಸನ ಆಸ್ಥಾನದ ಪರಿಸರದಲ್ಲಿ. ಕನ್ನಡ ಕಾವ್ಯದ ದೋಷಗುಣಗಳ ವಿವೇಚನೆ ಮತ್ತು ಲೆಕ್ಕದ ಸಮಸ್ಯೆಗಳ ವರ್ಗೀಕರಣ ಒಂದೇ ಕಾಲದ, ಒಂದೇ ಆಶ್ರಯದ ವಿದ್ವತ್ತಿನ ಫಲಗಳೆಂಬುದು ಗಮನಾರ್ಹ. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಮಹಾವೀರನ ಕೃತಿಯನ್ನು ತೆಲುಗಿಗೆ ತಂದನು. ಎಂ. ರಂಗಾಚಾರ್ಯರು ಸಂಪಾದಿಸಿ ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದ ಆವೃತ್ತಿಯಿಂದ ಅದು ಆಧುನಿಕ ವಿದ್ವಾಂಸರ ಗಮನಕ್ಕೆ ಬಂದಿತು.

12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ಗಣಿತಗ್ರಂಥಗಳನ್ನು ಬರೆದ ಜೈನ ಕವಿ. ಅವನ ‘ವ್ಯವಹಾರಗಣಿತ’ ಗದ್ಯಪದ್ಯಗಳಿಂದ ಕೂಡಿದ ಕೃತಿ. ‘ಕ್ಷೇತ್ರಗಣಿತ’, ‘ವ್ಯವಹಾರರತ್ನ’, ‘ಲೀಲಾವತಿ’, ‘ಚಿತ್ರಹಸುಗೆ’ ಮೊದಲಾದವು ಅವನ ಇತರ ಕೃತಿಗಳು. ‘ವ್ಯವಹಾರ’ ಎಂಬ ಹೆಸರನ್ನೇ ಗಮನಿಸಬೇಕು. ಕೊಡು-ಕೊಳ್ಳುವಿಕೆ, ಅಳತೆ, ಬಡ್ಡಿ, ಕೂಲಿ, ಪಾಲು ಇವೆಲ್ಲ ಮಾತಿನಲ್ಲಿ ನಡೆಯುವ ಕೆಲಸಗಳು. ಹೊಯ್ಸಳರ ಕಾಲದ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವೀಸಗಳ ಉಲ್ಲೇಖ ಹೇರಳವಾಗಿದೆ. ಹಣದ ಕಾಲು ಭಾಗ ಹಾಗ, ಹದಿನಾರನೆಯ ಒಂದು ಭಾಗ ವೀಸ ಎಂಬ ತಿಳಿವಳಿಕೆಯಿಲ್ಲದೆ ಆ ಶಾಸನಗಳ ದತ್ತಿ ವಿವರಗಳು ನಮಗೆ ಅರ್ಥವಾಗುವುದಿಲ್ಲ. ಹೀಗಿದ್ದೂ ಕನ್ನಡ ಸಾಹಿತ್ಯ ಚರಿತ್ರೆಯ ಪಾಠದಲ್ಲಿ ರಾಜಾದಿತ್ಯನಿಗೆ ಸಲ್ಲುವುದು ‘ಶಾಸ್ತ್ರಸಾಹಿತ್ಯ’ ಎಂಬ ಶೀರ್ಷಿಕೆಯ ಕೆಳಗಿನ ಒಂದೆರಡು ಸಾಲುಗಳು ಮಾತ್ರ.

2. ವಿಭಕ್ತಿ ಮತ್ತು ಗಣಿತಕ್ರಿಯೆ

ಲೆಕ್ಕದ ವಾಕ್ಯದಲ್ಲಿ ಸಂಖ್ಯೆಗಳು ನಾಮಪದಗಳಾಗಿ ಬರುತ್ತವೆ. ಯಾವ ಸಂಖ್ಯೆಯ ಮೇಲೆ ಯಾವ ಕ್ರಿಯೆ ನಡೆಯಬೇಕು ಎಂಬುದನ್ನು ಅವುಗಳಿಗೆ ಹತ್ತಿದ ವಿಭಕ್ತಿ ಪ್ರತ್ಯಯ ಸೂಚಿಸುತ್ತದೆ. ಈ ಎರಡು ವಾಕ್ಯಗಳನ್ನು ನೋಡಬಹುದು:

(ಅ) 20ರಿಂದ 4ನ್ನು ಕಳೆಯಿರಿ.
(ಆ) 20ನ್ನು 4ರಿಂದ ಭಾಗಿಸಿರಿ.

ಎರಡರಲ್ಲಿಯೂ ‘ಇಂದ’ ಪ್ರತ್ಯಯವಿದೆ. ಮೊದಲನೆಯದರಲ್ಲಿ ಅದು ದೊಡ್ಡ ಸಂಖ್ಯೆಗೆ ಹತ್ತಿದೆ, ಎರಡನೆಯದರಲ್ಲಿ ಚಿಕ್ಕದಕ್ಕೆ. ಮೊದಲ ವಾಕ್ಯದ ‘ಇಂದ’ ಅಪಾದಾನವನ್ನು, ಅಂದರೆ ಯಾವುದರಿಂದ ಬೇರ್ಪಡುತ್ತದೆ ಎಂಬುದನ್ನು ಹೇಳುತ್ತದೆ. ಎರಡನೆಯದು ಕರಣವನ್ನು, ಅಂದರೆ ಯಾವ ಸಾಧನದಿಂದ ಎಂಬುದನ್ನು ಹೇಳುತ್ತದೆ. ಸಂಸ್ಕೃತದಲ್ಲಿ ಪಂಚಮಿ ಮತ್ತು ತೃತೀಯಾ ಎಂದು ಬೇರೆಯಾಗಿರುವ ಈ ಎರಡು ಅರ್ಥಗಳನ್ನು ಕನ್ನಡ ಒಂದೇ ಪ್ರತ್ಯಯದಿಂದ ನಿರ್ವಹಿಸುತ್ತದೆ. ಪಂಚಮಿಗೆ ‘ದೆಸೆಯಿಂದ’ ಎಂಬ ರೂಪವನ್ನು ವ್ಯಾಕರಣ ಪುಸ್ತಕಗಳು ಕೊಟ್ಟರೂ ಆಡುಮಾತಿನಲ್ಲಿ ಅದಕ್ಕೆ ಬಳಕೆಯಿಲ್ಲ. ಕನ್ನಡದಲ್ಲಿ ಪಂಚಮಿ ಇದೆಯೇ ಎಂಬ ಚರ್ಚೆಯನ್ನು ನಾವು ತರಗತಿಗಳಲ್ಲಿ ಮಾಡುತ್ತ ಬಂದಿದ್ದೇವೆ. ಐದನೆಯ ತರಗತಿಯ ಬಾಲಕನಿಗೆ ಅದೇ ಚರ್ಚೆ ವ್ಯವಕಲನ ಮತ್ತು ಭಾಗಾಕಾರಗಳ ಗೊಂದಲವಾಗಿ ಎದುರಾಗುತ್ತದೆ.

ಆಡುಮಾತು ಈ ಗೊಂದಲವನ್ನು ಬೇರೆ ವಿಭಕ್ತಿಗಳ ನೆರವಿನಿಂದ ತಪ್ಪಿಸಿಕೊಳ್ಳುತ್ತದೆ. ‘ಇಪ್ಪತ್ತರಲ್ಲಿ ನಾಲ್ಕು ಹೋದರೆ ಎಷ್ಟು?’ ಎಂದು ಸಪ್ತಮಿಯಲ್ಲಿ ವ್ಯವಕಲನವನ್ನು ಹೇಳುತ್ತದೆ. ‘ಇಪ್ಪತ್ತನ್ನು ನಾಲ್ಕು ಜನಕ್ಕೆ ಹಂಚಿದರೆ ತಲೆಗೆ ಎಷ್ಟು?’ ಎಂದು ಚತುರ್ಥಿಯಲ್ಲಿ ಭಾಗಾಕಾರವನ್ನು ಹೇಳುತ್ತದೆ. ಇಲ್ಲಿ ಅಧಿಕರಣ ಮತ್ತು ಸಂಪ್ರದಾನಗಳು ಸ್ಪಷ್ಟವಾಗಿ ಬೇರೆಯಾಗಿರುವುದರಿಂದ ಕೇಳುವವನಿಗೆ ಸಂದೇಹ ಉಳಿಯುವುದಿಲ್ಲ. ಕನ್ನಡದಲ್ಲಿ ಪದಗಳ ಸ್ಥಾನ ಸಡಿಲವಾದುದು. ‘4ನ್ನು 20ರಿಂದ ಕಳೆಯಿರಿ’ ಎಂದರೂ ಅರ್ಥ ಬದಲಾಗದು. ಆದುದರಿಂದ ಸಂಖ್ಯೆಗಳು ಬಂದ ಕ್ರಮದಲ್ಲಿಯೇ ಅವುಗಳನ್ನು ಬರೆದುಕೊಂಡು ಹೋಗುವವನು ತಪ್ಪುತ್ತಾನೆ. ಪ್ರತ್ಯಯವನ್ನು ಓದುವವನು ತಪ್ಪುವುದಿಲ್ಲ.

3. ಹೋಲಿಕೆಯ ವಾಕ್ಯ ಮತ್ತು ಸಮೀಕರಣ

ಬೀಜಗಣಿತದಲ್ಲಿ ತಿಳಿಯದ ಸಂಖ್ಯೆಗೆ ಒಂದು ಸಂಕೇತ ಬೇಕು. ಭಾರತೀಯ ಗಣಿತಜ್ಞರು ಅದನ್ನು ‘ಯಾವತ್ತಾವತ್’ ಎಂದು ಕರೆದು ‘ಯಾ’ ಎಂದು ಸಂಕ್ಷೇಪಿಸಿದರು. ಎರಡನೆಯ ಅವ್ಯಕ್ತಕ್ಕೆ ‘ಕಾಲಕ’, ಅದರ ಸಂಕ್ಷೇಪ ‘ಕಾ’. ‘ಯಾವತ್ತಾವತ್’ ಎಂಬುದಕ್ಕೆ ಕನ್ನಡದಲ್ಲಿ ‘ಎಷ್ಟೋ ಅಷ್ಟು’ ಎಂದು ಹೇಳಬಹುದು. ಈ ‘ಅಷ್ಟು’ ಕನ್ನಡದ ಹೋಲಿಕೆಯ ವಾಕ್ಯಗಳಲ್ಲಿ ನಿತ್ಯ ಬಳಕೆಯಾಗುವ ರೂಪ. ಎರಡರ + ಅಷ್ಟು ಸೇರಿ ‘ಎರಡರಷ್ಟು’, ನಮ್ಮ + ಅಷ್ಟು ಸೇರಿ ‘ನಮ್ಮಷ್ಟು’ ಆಗುತ್ತದೆ. ಸಮತೆಯ ಅರ್ಥವನ್ನು ಒಳಗೇ ಇಟ್ಟುಕೊಂಡ ಪದವಿದು. ಪ್ರಸ್ತುತ ಲೇಖನದಲ್ಲಿ ಅವ್ಯಕ್ತಗಳಿಗೆ ‘ಯಾ’, ‘ಕಾ’ ಎಂಬ ಸಂಕೇತಗಳನ್ನೇ ಬಳಸಲಾಗಿದೆ.

ಒಂದು ಉದಾಹರಣೆ: ‘ಅಣ್ಣನ ವಯಸ್ಸು ತಂಗಿಯ ವಯಸ್ಸಿನ ಎರಡರಷ್ಟಕ್ಕಿಂತ ಮೂರು ಕಡಿಮೆ. ಇಬ್ಬರ ವಯಸ್ಸುಗಳ ಮೊತ್ತ 27. ಅವರ ವಯಸ್ಸುಗಳೆಷ್ಟು?’

ತಂಗಿಯ ವಯಸ್ಸು ‘ಯಾ’ ಆಗಿರಲಿ. ಈಗ ವಾಕ್ಯವನ್ನು ಎಡದಿಂದ ಬಲಕ್ಕೆ ಓದುತ್ತ ಹೋದರೆ ಸಾಕು. ತಂಗಿಯ ವಯಸ್ಸು: ಯಾ. ಅದರ ಎರಡರಷ್ಟು: 2 ಯಾ. ಅದಕ್ಕಿಂತ ಮೂರು ಕಡಿಮೆ: 2 ಯಾ − 3. ಮೊತ್ತದ ವಾಕ್ಯದಿಂದ ಯಾ + 2 ಯಾ − 3 = 27, ಅಂದರೆ 3 ಯಾ = 30, ಯಾ = 10. ತಂಗಿಗೆ 10, ಅಣ್ಣನಿಗೆ 17. ತಾಳೆ ನೋಡಿದರೆ 10ರ ಎರಡರಷ್ಟು 20, ಅದಕ್ಕಿಂತ ಮೂರು ಕಡಿಮೆ 17, ಮೊತ್ತ 27.

ಕನ್ನಡದ ಪದಕ್ರಮವೂ ಗಣಿತದ ಬರವಣಿಗೆಯ ಕ್ರಮವೂ ಇಲ್ಲಿ ಒಂದೇ ದಿಕ್ಕಿನಲ್ಲಿ ಸಾಗುತ್ತವೆ. ಇಂಗ್ಲಿಷಿನಲ್ಲಿ ಇದೇ ಮಾತು ‘ತ್ರೀ ಲೆಸ್ ದ್ಯಾನ್ ಟ್ವೈಸ್’ ಎಂದು ಮೂರರಿಂದ ಆರಂಭವಾಗುತ್ತದೆ. ಅದನ್ನು ಸಮೀಕರಣವಾಗಿ ಬರೆಯುವವನು ಹಿಂದುಮುಂದಾಗಿ ತಿರುಗಿಸಬೇಕು. ಪ್ರತ್ಯಯಗಳು ಪದದ ಕೊನೆಗೆ ಹತ್ತುವ, ವಿಶೇಷಣ ವಿಶೇಷ್ಯದ ಹಿಂದೆ ನಿಲ್ಲುವ ಕನ್ನಡದಲ್ಲಿ ಆ ತಿರುವು ಬೇಕಿಲ್ಲ. ಮತ್ತೊಂದು ಅನುಕೂಲವೂ ಇದೆ. ‘ಇದು ನಮ್ಮ ಮನೆ’ ಎಂಬಂಥ ಕನ್ನಡದ ನಾಮವಾಕ್ಯದಲ್ಲಿ ಕ್ರಿಯಾಪದವಿಲ್ಲ. ‘ಅಣ್ಣನ ವಯಸ್ಸು ಹದಿನೇಳು’ ಎಂಬ ವಾಕ್ಯದಲ್ಲಿ ಎರಡು ನಾಮಗಳ ನಡುವೆ ಇರುವ ಮೌನದ ಜಾಗದಲ್ಲಿಯೇ ಸಮಚಿಹ್ನೆ ಕೂರುತ್ತದೆ.

ಸಂಬಂಧದ ದಿಕ್ಕು ತಪ್ಪುವುದು ದುರ್ಬಲ ವಿದ್ಯಾರ್ಥಿಗಳಿಗೆ ಮಾತ್ರ ಸೀಮಿತವಲ್ಲ. ಅಮೆರಿಕದಲ್ಲಿ ಜಾನ್ ಕ್ಲೆಮೆಂಟ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಾಧ್ಯಾಪಕರ ಸಂಖ್ಯೆಯ ಆರರಷ್ಟು ವಿದ್ಯಾರ್ಥಿಗಳಿದ್ದಾರೆ ಎಂಬುದನ್ನು ಸಮೀಕರಣವಾಗಿ ಬರೆಯುವಂತೆ ಕೇಳಿದಾಗ ಕಾಲೇಜು ವಿದ್ಯಾರ್ಥಿಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ತಪ್ಪಿದರು. ಅವರಲ್ಲಿ ಬಹುತೇಕರು ಆರನ್ನು ವಿದ್ಯಾರ್ಥಿಗಳ ಸಂಕೇತದ ಪಕ್ಕದಲ್ಲಿಯೇ ಬರೆದರು. ಕನ್ನಡದಲ್ಲಿ ‘ವಿದ್ಯಾರ್ಥಿಗಳ ಸಂಖ್ಯೆ ಪ್ರಾಧ್ಯಾಪಕರ ಸಂಖ್ಯೆಯ ಆರರಷ್ಟು’ ಎಂದು ಹೇಳಿದರೆ ಆರು ಯಾವುದಕ್ಕೆ ಸೇರಬೇಕೆಂಬುದನ್ನು ‘ಸಂಖ್ಯೆಯ’ ಎಂಬ ಷಷ್ಠಿ ತೋರಿಸಿಕೊಡುತ್ತದೆ. ಆದರೆ ‘ಒಬ್ಬ ಪ್ರಾಧ್ಯಾಪಕರಿಗೆ ಆರು ವಿದ್ಯಾರ್ಥಿಗಳು’ ಎಂದು ಹೇಳಿದರೆ ಅದೇ ತಪ್ಪಿಗೆ ಕನ್ನಡದಲ್ಲಿಯೂ ದಾರಿಯಾಗುತ್ತದೆ. ಒಂದೇ ಸಂಬಂಧವನ್ನು ಹೇಳುವ ಎರಡು ವಾಕ್ಯಗಳಲ್ಲಿ ಒಂದು ಓದುಗನ ಕೈಹಿಡಿಯುತ್ತದೆ, ಇನ್ನೊಂದು ಕೈಬಿಡುತ್ತದೆ.

ಕನ್ನಡದ ರೂಢಿಯಲ್ಲಿಯೇ ಸಂದಿಗ್ಧವಾದ ಪ್ರಯೋಗಗಳೂ ಇವೆ. ‘ಮೂರು ಪಟ್ಟು ಹೆಚ್ಚು’ ಎಂದರೆ ಮೂಲದ ಮೂರರಷ್ಟೋ, ಮೂಲಕ್ಕೆ ಅದರ ಮೂರರಷ್ಟು ಸೇರಿ ನಾಲ್ಕರಷ್ಟೋ? ಪತ್ರಿಕೆಗಳ ಭಾಷೆಯಲ್ಲಿ ಮೊದಲನೆಯ ಅರ್ಥವೇ ಹೆಚ್ಚು ಬಳಕೆಯಲ್ಲಿದೆ. ‘ಗಿಂತ ಹೆಚ್ಚು’ ಎಂಬುದನ್ನು ಅಕ್ಷರಶಃ ಹಿಡಿದರೆ ಎರಡನೆಯದು ಬರುತ್ತದೆ. ಪರೀಕ್ಷೆಯ ಪ್ರಶ್ನೆಯಲ್ಲಿ ಇಂಥ ಪ್ರಯೋಗವನ್ನು ಬಿಟ್ಟು ‘ಮೂರರಷ್ಟು’ ಎಂದು ಬರೆಯುವುದು ಸೂಕ್ತ.

ವಯಸ್ಸಿನ ಲೆಕ್ಕಗಳಲ್ಲಿ ಕಾಲವಾಚಿ ಪದದ ವ್ಯಾಪ್ತಿಯೂ ಮುಖ್ಯ. ‘ತಂದೆ-ಮಗನ ಈಗಿನ ವಯಸ್ಸುಗಳ ಮೊತ್ತ 60. ಐದು ವರ್ಷಗಳ ಹಿಂದೆ ತಂದೆಯ ವಯಸ್ಸು ಮಗನ ವಯಸ್ಸಿನ ನಾಲ್ಕರಷ್ಟಿತ್ತು.’ ಇಲ್ಲಿ ‘ಐದು ವರ್ಷಗಳ ಹಿಂದೆ’ ಎಂಬುದು ಇಬ್ಬರಿಗೂ ಅನ್ವಯಿಸುತ್ತದೆ. ಆಗ ಮೊತ್ತ 50. ಅದು ಮಗನ ವಯಸ್ಸಿನ ಐದರಷ್ಟು. ಮಗ 10, ತಂದೆ 40. ಈಗ 15 ಮತ್ತು 45. ಆ ಪದವನ್ನು ತಂದೆಗೆ ಮಾತ್ರ ಅನ್ವಯಿಸಿದವನಿಗೆ 11 ಮತ್ತು 49 ಎಂಬ ಉತ್ತರ ಬರುತ್ತದೆ. ಅದೂ ಪೂರ್ಣಾಂಕವೇ, ಮೊತ್ತವೂ 60. ಹೀಗಾಗಿ ತಪ್ಪು ತಾನಾಗಿ ಬಯಲಾಗುವುದಿಲ್ಲ. ಅನ್ವಯದ ತಪ್ಪು ಎಣಿಕೆಯ ತಪ್ಪಿಗಿಂತ ಅಪಾಯಕಾರಿಯಾಗುವುದು ಇಂಥ ಕಡೆ.

4. ಷಷ್ಠಿಯ ಪ್ರಶ್ನೆ: ಯಾವುದರ ಭಾಗ?

ಭಿನ್ನರಾಶಿ ಮತ್ತು ಶೇಕಡಾ ಲೆಕ್ಕಗಳಲ್ಲಿ ಎಲ್ಲವೂ ಷಷ್ಠೀ ವಿಭಕ್ತಿಯ ಮೇಲೆ ನಿಂತಿದೆ. ‘ಕಾಲು’, ‘ಅರೆ’, ‘ಮುಕ್ಕಾಲು’ ಎಂಬವು ತಮ್ಮಷ್ಟಕ್ಕೆ ಪರಿಮಾಣಗಳಲ್ಲ. ಯಾವುದರ ಕಾಲು, ಯಾವುದರ ಅರೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆಯೇ ಅವುಗಳಿಗೆ ಬೆಲೆ. ತಿಂಗಳಿಗೆ 24,000 ರೂಪಾಯಿ ಸಂಬಳದ ಒಬ್ಬನು ಅದರ ಮೂರನೆಯ ಒಂದು ಭಾಗವನ್ನು ಬಾಡಿಗೆಗೆ ಕೊಡುತ್ತಾನೆ. ‘ಉಳಿದುದರ ಕಾಲು ಭಾಗ’ವನ್ನು ದಿನಸಿಗೆ ವೆಚ್ಚ ಮಾಡುತ್ತಾನೆ. ಬಾಡಿಗೆ 8,000, ಉಳಿದ 16,000ದ ಕಾಲು 4,000, ಕೈಯಲ್ಲಿ 12,000. ‘ಉಳಿದುದರ’ ಎಂಬ ಪದವನ್ನು ಬಿಟ್ಟು ‘ಸಂಬಳದ ಕಾಲು’ ಎಂದು ಓದಿದರೆ ದಿನಸಿಗೆ 6,000 ಆಗಿ ಕೈಯಲ್ಲಿ 10,000 ಮಾತ್ರ ಉಳಿಯುತ್ತದೆ. ಒಂದು ಪದದ ಬೆಲೆ ಎರಡು ಸಾವಿರ ರೂಪಾಯಿ.

ಈ ವ್ಯತ್ಯಾಸವನ್ನು ಮಹಾವೀರಾಚಾರ್ಯನು ಶಾಸ್ತ್ರೀಯವಾಗಿ ಗುರುತಿಸಿದ್ದಾನೆ. ‘ಗಣಿತಸಾರಸಂಗ್ರಹ’ದ ಪ್ರಕೀರ್ಣಕ ವ್ಯವಹಾರದಲ್ಲಿ ಭಿನ್ನರಾಶಿಯ ಸಮಸ್ಯೆಗಳನ್ನು ಅವನು ಹಲವು ಜಾತಿಗಳಾಗಿ ವಿಂಗಡಿಸುತ್ತಾನೆ. ಇಡಿಯ ರಾಶಿಯ ಭಾಗಗಳನ್ನು ಹೇಳುವುದು ಭಾಗಜಾತಿ. ಉಳಿದುದರ ಭಾಗಗಳನ್ನು ಹೇಳುತ್ತ ಹೋಗುವುದು ಶೇಷಜಾತಿ. ರಾಶಿಯ ವರ್ಗಮೂಲ ಬರುವುದು ಮೂಲಜಾತಿ. ಎಲ್ಲ ಭಾಗಗಳು ಹೋದ ಮೇಲೆ ಕಣ್ಣಿಗೆ ಕಾಣುವಂತೆ ಉಳಿಯುವ ಸಂಖ್ಯೆಗೆ ‘ದೃಶ್ಯ’ ಎಂಬ ಹೆಸರು. ಸಮಸ್ಯೆಯಲ್ಲಿ ಬರುವುದು ದುಂಬಿಯೋ ಆನೆಯೋ ಎಂಬುದು ಈ ವರ್ಗೀಕರಣಕ್ಕೆ ಮುಖ್ಯವಲ್ಲ. ಭಾಗ ಯಾವುದಕ್ಕೆ ಸಂಬಂಧಿಸಿದೆ ಎಂಬ ವಾಕ್ಯಸಂಬಂಧವೇ ಅದರ ಆಧಾರ. ಲೆಕ್ಕವನ್ನು ಬಿಡಿಸುವ ಮೊದಲು ಅದರ ಜಾತಿಯನ್ನು ಗುರುತಿಸಬೇಕೆಂಬ ಈ ಶಿಸ್ತು ನಮ್ಮ ಇಂದಿನ ಬೋಧನೆಯಲ್ಲಿ ಮರೆಯಾಗಿದೆ.

ಶೇಕಡಾ ಲೆಕ್ಕದಲ್ಲಿ ಷಷ್ಠಿ ಬಹುಮಟ್ಟಿಗೆ ಅಧ್ಯಾಹಾರವಾಗಿರುತ್ತದೆ. ಅಂಗಡಿಯವನು 500 ರೂಪಾಯಿಯ ಸೀರೆಯ ಬೆಲೆಯನ್ನು ಶೇ. 20 ಏರಿಸಿ, ಅನಂತರ ಶೇ. 20 ರಿಯಾಯಿತಿ ಕೊಟ್ಟರೆ ಬೆಲೆ ಮೊದಲಿನಷ್ಟೇ ಆಗುವುದೆಂದು ಅನೇಕರು ತಿಳಿಯುತ್ತಾರೆ. ಮೊದಲ ಶೇ. 20 ಎಂಬುದು 500ರ ಶೇ. 20, ಅಂದರೆ 100. ಬೆಲೆ 600 ಆಗುತ್ತದೆ. ಎರಡನೆಯದು 600ರ ಶೇ. 20, ಅಂದರೆ 120. ಬೆಲೆ 480ಕ್ಕೆ ಇಳಿಯುತ್ತದೆ. ಬಿಟ್ಟುಹೋದ ಷಷ್ಠಿಯನ್ನು ಪ್ರತಿ ಸಲವೂ ತುಂಬಿಕೊಂಡು ಓದುವ ಅಭ್ಯಾಸವಿದ್ದರೆ ಈ ಭ್ರಮೆ ಉಂಟಾಗದು.

ಭಿನ್ನರಾಶಿಯನ್ನು ಹೇಳುವ ಕ್ರಮದಲ್ಲಿಯೂ ಕನ್ನಡಕ್ಕೆ ತನ್ನದೇ ಆದ ರೀತಿಯಿದೆ. ‘ಮೂರನೇ ಎರಡರಷ್ಟು ಬಹುಮತ’ ಎನ್ನುವಾಗ ಛೇದ ಮೊದಲು ಬರುತ್ತದೆ, ಅಂಶ ಅನಂತರ. ಮೂರು ಪಾಲು ಮಾಡಿ, ಅದರಲ್ಲಿ ಎರಡನ್ನು ತೆಗೆದುಕೊ ಎಂಬ ಕೆಲಸದ ಕ್ರಮವೇ ಮಾತಿನ ಕ್ರಮವಾಗಿದೆ. ಬರೆಯುವಾಗ ಅಂಶ ಮೇಲಿರುತ್ತದೆ. ಮೇಲಿನಿಂದ ಕೆಳಗೆ ಓದಲು ಕಲಿತ ಮಗುವಿಗೆ ಈ ಎರಡು ಕ್ರಮಗಳ ವ್ಯತ್ಯಾಸವನ್ನು ಯಾರಾದರೂ ಒಮ್ಮೆ ವಿವರಿಸಿ ಹೇಳಬೇಕು.

5. ತ್ರೈರಾಶಿಕ: ವ್ಯಾಕರಣದ ಮಿತಿ

ನಿತ್ಯಜೀವನದ ಲೆಕ್ಕಗಳಲ್ಲಿ ಬಹುಪಾಲು ತ್ರೈರಾಶಿಕದ ರೂಪದವು. ‘ಐದು ಕಿಲೋ ಅಕ್ಕಿಗೆ 280 ರೂಪಾಯಿಯಾದರೆ, ಎಂಟು ಕಿಲೋಗೆ ಎಷ್ಟು?’ ಐದು ಕಿಲೋ ಪ್ರಮಾಣ, 280 ಫಲ, ಎಂಟು ಕಿಲೋ ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಇಚ್ಛಾಫಲ: 280 × 8 ÷ 5 = 448 ರೂಪಾಯಿ. 499ರ ‘ಆರ್ಯಭಟೀಯ’ದಲ್ಲಿಯೇ ಈ ನಿಯಮವಿದೆ. ಅಂಕಗಣಿತವೆಲ್ಲವೂ ತ್ರೈರಾಶಿಕದಿಂದ ವ್ಯಾಪ್ತವಾಗಿದೆ ಎಂಬ ಅಭಿಪ್ರಾಯವನ್ನು ಭಾಸ್ಕರಾಚಾರ್ಯನು 1150ರ ಸುಮಾರಿನ ‘ಲೀಲಾವತಿ’ಯಲ್ಲಿ ವ್ಯಕ್ತಪಡಿಸುತ್ತಾನೆ. ಕನ್ನಡ ವಾಕ್ಯದಲ್ಲಿ ಈ ಮೂರು ರಾಶಿಗಳನ್ನು ಪ್ರತ್ಯಯಗಳೇ ಬೇರ್ಪಡಿಸಿ ತೋರಿಸುತ್ತವೆ. ‘ಆದರೆ’ ಎಂಬ ಪಕ್ಷಾರ್ಥಕಕ್ಕೆ ಮೊದಲು ಬರುವ ಚತುರ್ಥಿ ಪ್ರಮಾಣವನ್ನು, ಅನಂತರ ಬರುವ ಚತುರ್ಥಿ ಇಚ್ಛೆಯನ್ನು, ‘ಎಷ್ಟು’ ಎಂಬುದು ಬೇಕಾದ ಫಲವನ್ನು ಸೂಚಿಸುತ್ತದೆ.

ಆದರೆ ಈ ವಾಕ್ಯವನ್ನು ನೋಡಬೇಕು: ‘ಒಂದು ಕೆಲಸಕ್ಕೆ ಹನ್ನೆರಡು ಆಳಿಗೆ ಹತ್ತು ದಿನವಾದರೆ, ಹದಿನೈದು ಆಳಿಗೆ ಎಷ್ಟು ದಿನ?’ ವಾಕ್ಯರಚನೆ ಅಕ್ಕಿಯ ಲೆಕ್ಕದ್ದೇ. ಅದೇ ಸೂತ್ರವನ್ನು ಹಚ್ಚಿದರೆ ಹನ್ನೆರಡೂವರೆ ದಿನ ಬರುತ್ತದೆ. ಆಳು ಹೆಚ್ಚಾದಂತೆ ಕೆಲಸ ತಡವಾಯಿತು ಎಂಬ ಅಸಂಗತ ಫಲಿತಾಂಶವದು. ಇಲ್ಲಿ ಪ್ರಮಾಣ ಮತ್ತು ಫಲಗಳನ್ನು ಗುಣಿಸಿ ಇಚ್ಛೆಯಿಂದ ಭಾಗಿಸಬೇಕು: 12 × 10 ÷ 15 = 8 ದಿನ. ಪರಂಪರೆ ಇದಕ್ಕೆ ವ್ಯಸ್ತತ್ರೈರಾಶಿಕವೆಂದು ಬೇರೆ ಹೆಸರನ್ನೇ ಕೊಟ್ಟಿದೆ. ರಾಜಾದಿತ್ಯನೂ ‘ವ್ಯವಹಾರಗಣಿತ’ದಲ್ಲಿ ಸಹಜ ಮತ್ತು ವ್ಯಸ್ತ ಎಂಬ ವಿಂಗಡಣೆಯನ್ನು ಅನುಸರಿಸುತ್ತಾನೆ. ವ್ಯಾಕರಣ ಒಂದೇ ಆಗಿದ್ದು ಅರ್ಥ ಬೇರೆಯಾಗುವ ಈ ಸ್ಥಳದಲ್ಲಿ ನೆರವಿಗೆ ಬರುವುದು ಲೋಕಜ್ಞಾನ. ಕಾವ್ಯಕ್ಕೆ ವ್ಯುತ್ಪತ್ತಿ ಬೇಕೆಂದು ಆಲಂಕಾರಿಕರು ಹೇಳುತ್ತಾರೆ. ಲೆಕ್ಕವನ್ನು ಓದುವುದಕ್ಕೂ ಅದು ಬೇಕು. ಲೆಕ್ಕದ ಓದು ಕೇವಲ ಪ್ರತ್ಯಯಗಳ ಓದಲ್ಲ ಎಂಬ ಎಚ್ಚರವನ್ನು ಈ ಉದಾಹರಣೆ ಕೊಡುತ್ತದೆ.

6. ಜನಪದ ಲೆಕ್ಕಗಳು ಮತ್ತು ಪಾಠನಿರ್ಣಯ

ಲಿಖಿತ ಪರಂಪರೆಯ ಜೊತೆಗೆ ಬಾಯಿಮಾತಿನ ಲೆಕ್ಕಗಳ ಸಂಪತ್ತು ನಮ್ಮಲ್ಲಿದೆ. ಭಾರತದ ಹಲವು ಭಾಷೆಗಳಲ್ಲಿ ಪ್ರಚಲಿತವಾಗಿರುವ ಹಕ್ಕಿಗಳ ಲೆಕ್ಕ ಕನ್ನಡದಲ್ಲಿಯೂ ಪರಿಚಿತ. ಮರದ ಮೇಲಿನ ಒಂದು ಹಕ್ಕಿ ಹಾರಿಹೋಗುತ್ತಿದ್ದ ಹಿಂಡನ್ನು ‘ನೀವು ನೂರು ಜನರೇ?’ ಎಂದು ಕೇಳುತ್ತದೆ. ನಾವು, ನಮ್ಮಷ್ಟು, ನಮ್ಮರ್ಧ, ಅದರರ್ಧ, ಜೊತೆಗೆ ನೀನೂ ಸೇರಿದರೆ ನೂರು ಎಂದು ಹಿಂಡು ಉತ್ತರಿಸುತ್ತದೆ. ಹಿಂಡಿನಲ್ಲಿ ಎಷ್ಟು ಹಕ್ಕಿಗಳು?

ಇದನ್ನು ಇಷ್ಟಕರ್ಮದಿಂದ ಬಿಡಿಸಬಹುದು. ಅರ್ಧ ಮತ್ತು ಅದರ ಅರ್ಧ ಬರುವುದರಿಂದ ಎರಡು ಸಲ ಸಮವಾಗಿ ಒಡೆಯಬಲ್ಲ ಚಿಕ್ಕ ಸಂಖ್ಯೆಯಾದ 4ನ್ನು ಇಷ್ಟವಾಗಿ ಹಿಡಿಯಬೇಕು. 4 + 4 + 2 + 1 = 11. ಕೇಳಿದ ಹಕ್ಕಿಯನ್ನು ಬಿಟ್ಟರೆ ಬೇಕಾದುದು 99. ಅದು 11ರ ಒಂಬತ್ತರಷ್ಟು. ಆದುದರಿಂದ ಹಿಂಡು 4ರ ಒಂಬತ್ತರಷ್ಟು, ಅಂದರೆ 36. ತಾಳೆ: 36 + 36 + 18 + 9 + 1 = 100. ಸಮೀಕರಣದಲ್ಲಿ ಬರೆದರೆ ಹಿಂಡು ‘ಯಾ’. ಯಾ, ಯಾ, ಯಾ-ದ ಅರ್ಧ, ಯಾ-ದ ಕಾಲು ಸೇರಿ 99. ಎರಡು ವಿಧಾನಗಳ ತಿರುಳು ಒಂದೇ. ಇಷ್ಟಕರ್ಮದಲ್ಲಿ ಊಹೆಯ ಸಂಖ್ಯೆ ಮಾಡುವ ಕೆಲಸವನ್ನು ಬೀಜಗಣಿತದಲ್ಲಿ ಸಂಕೇತ ಮಾಡುತ್ತದೆ.

ಇಲ್ಲಿ ಭಾಷೆಯ ವಿದ್ಯಾರ್ಥಿಯ ಗಮನ ಸೆಳೆಯಬೇಕಾದುದು ‘ಅದರರ್ಧ’ ಎಂಬ ಪದ. ‘ಅದರ’ ಎಂಬ ಸರ್ವನಾಮ ಯಾವುದನ್ನು ಸೂಚಿಸುತ್ತದೆ? ಹಿಂದೆ ಬಂದ ‘ಅರ್ಧ’ವನ್ನೋ, ಇಡಿಯ ಹಿಂಡನ್ನೋ? ಹಿಂಡನ್ನು ಎಂದು ಹಿಡಿದರೆ ಎರಡು ಅರ್ಧಗಳು ಸೇರಿ ಒಂದಾಗಿ 3 ಯಾ = 99, ಯಾ = 33 ಎಂದಾಗುತ್ತದೆ. 33ರ ಅರ್ಧ ಹದಿನಾರೂವರೆ. ಅರ್ಧ ಹಕ್ಕಿ ಹಾರಲಾರದು. ಆದುದರಿಂದ ಆ ಅನ್ವಯ ಬಿದ್ದುಹೋಗುತ್ತದೆ. ಎರಡು ಅರ್ಥಗಳು ಸಾಧ್ಯವಿರುವಲ್ಲಿ ಸಂದರ್ಭಕ್ಕೆ ಒಪ್ಪದುದನ್ನು ಕೈಬಿಟ್ಟು ಒಪ್ಪುವುದನ್ನು ಉಳಿಸಿಕೊಳ್ಳುವುದು ಗ್ರಂಥಸಂಪಾದಕನ ಕೆಲಸ. ಲೆಕ್ಕ ಬಿಡಿಸುವವನೂ ಅದನ್ನೇ ಮಾಡುತ್ತಾನೆ. ಅವನಿಗೆ ತಾಳೆ ನೋಡುವ ಸೌಲಭ್ಯ ಹೆಚ್ಚಿನದು.

ಹೂವಿನ ಲೆಕ್ಕ ಇನ್ನೊಂದು ಬಗೆಯದು. ಭಕ್ತನೊಬ್ಬ ಕೆಲವು ಹೂಗಳನ್ನು ಹಿಡಿದು ಹೊರಡುತ್ತಾನೆ. ದಾರಿಯಲ್ಲಿ ಮೂರು ಕೊಳಗಳು, ಪ್ರತಿ ಕೊಳದ ಪಕ್ಕ ಒಂದು ಗುಡಿ. ಕೊಳದಲ್ಲಿ ಅದ್ದಿದಾಗಲೆಲ್ಲ ಹೂಗಳು ಎರಡರಷ್ಟಾಗುತ್ತವೆ. ಮೂರು ಗುಡಿಗಳಿಗೂ ಸಮಸಂಖ್ಯೆಯ ಹೂಗಳನ್ನು ಏರಿಸಿದಾಗ ಕೈ ಬರಿದಾಗುತ್ತದೆ. ತಂದ ಹೂಗಳೆಷ್ಟು, ಏರಿಸಿದ್ದೆಷ್ಟು? ಪ್ರತಿ ಗುಡಿಗೆ ಏರಿಸಿದ್ದು ‘ಕಾ’ ಆಗಿರಲಿ. ಇದಕ್ಕೆ ವ್ಯಸ್ತವಿಧಿ ಸೂಕ್ತ: ಕೊನೆಯಿಂದ ಹಿಂದಕ್ಕೆ ನಡೆಯುವುದು, ಕಳೆದಲ್ಲಿ ಕೂಡುವುದು, ಇಮ್ಮಡಿಸಿದಲ್ಲಿ ಅರ್ಧಿಸುವುದು. ಕೊನೆಗೆ ಉಳಿದುದು ಸೊನ್ನೆ. ಅದಕ್ಕೆ ‘ಕಾ’ ಕೂಡಿ ಅರ್ಧಿಸಿದರೆ ಕಾ-ದ ಅರ್ಧ. ಮತ್ತೆ ಹಾಗೆ ಮಾಡಿದರೆ ಕಾ-ದ ಮುಕ್ಕಾಲು. ಇನ್ನೊಮ್ಮೆ ಮಾಡಿದರೆ ಕಾ-ದ ಎಂಟನೇ ಏಳು ಭಾಗ. ಹೂ ಇಡಿಯಾಗಿರಬೇಕಾದುದರಿಂದ ಅತಿ ಚಿಕ್ಕ ಉತ್ತರ: ಏರಿಸಿದ್ದು 8, ತಂದದ್ದು 7. ತಾಳೆ: 7 ಹದಿನಾಲ್ಕಾಗಿ 6 ಉಳಿಯುತ್ತದೆ; 6 ಹನ್ನೆರಡಾಗಿ 4; 4 ಎಂಟಾಗಿ ಸೊನ್ನೆ. 14 ಮತ್ತು 16, 21 ಮತ್ತು 24 ಎಂಬ ಉತ್ತರಗಳೂ ಸರಿಯೇ. ಒಂದೇ ಉತ್ತರವಿರಬೇಕಾಗಿಲ್ಲ ಎಂಬ ಬೀಜಗಣಿತದ ತತ್ತ್ವವನ್ನು ಅಕ್ಷರ ಬಾರದವರೂ ಈ ಕಥೆಯ ಮೂಲಕ ತಿಳಿಯಬಲ್ಲರು.

7. ಅನುವಾದದ ಕನ್ನಡ

ಇಂದು ಕನ್ನಡದಲ್ಲಿ ಪ್ರಕಟವಾಗುವ ಲೆಕ್ಕದ ವಾಕ್ಯಗಳಲ್ಲಿ ಬಹುಭಾಗ ಇಂಗ್ಲಿಷಿನಿಂದ ಬಂದವು. ‘15 ಪುರುಷರಿಂದ 8 ದಿನಗಳಲ್ಲಿ ಪೂರ್ಣಗೊಳಿಸಲ್ಪಡುವ ಕೆಲಸವು 10 ಪುರುಷರಿಂದ ಎಷ್ಟು ದಿನಗಳಲ್ಲಿ ಪೂರ್ಣಗೊಳಿಸಲ್ಪಡುತ್ತದೆ?’ ಎಂಬುದು ಆ ಮಾದರಿಯನ್ನು ತೋರಿಸಲು ಇಲ್ಲಿ ರಚಿಸಿಕೊಂಡ ವಾಕ್ಯ. ‘15 ಆಳುಗಳು 8 ದಿನಗಳಲ್ಲಿ ಮುಗಿಸುವ ಕೆಲಸವನ್ನು 10 ಆಳುಗಳು ಎಷ್ಟು ದಿನಗಳಲ್ಲಿ ಮುಗಿಸುತ್ತಾರೆ?’ ಎಂದರೆ ಸಾಕಾಗಿತ್ತು. ಉತ್ತರ ಎರಡಕ್ಕೂ 12 ದಿನಗಳೇ. ಮೊದಲ ವಾಕ್ಯವನ್ನು ಓದುವವನು ಲೆಕ್ಕಕ್ಕೆ ಕೈಹಾಕುವ ಮೊದಲು ಕರ್ಮಣಿ ಪ್ರಯೋಗವನ್ನು ಮನಸ್ಸಿನಲ್ಲಿ ಕರ್ತರಿಗೆ ತಿರುಗಿಸಿಕೊಳ್ಳಬೇಕು. ಪರೀಕ್ಷೆಯ ನಿಮಿಷಗಳು ಆ ತಿರುವಿನಲ್ಲಿ ಕಳೆಯುತ್ತವೆ.

ಇದರ ಪರಿಣಾಮ ಸಣ್ಣದಲ್ಲ. ಕರ್ನಾಟಕ ಲೋಕಸೇವಾ ಆಯೋಗವು 2024ರ ಆಗಸ್ಟ್ 27ರಂದು ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ನಡೆಸಿದ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದಲ್ಲಿನ ದೋಷಗಳು ವ್ಯಾಪಕ ಆಕ್ಷೇಪಕ್ಕೆ ಕಾರಣವಾಗಿ, ಅದೇ ವರ್ಷದ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಕನ್ನಡದ ವಾಕ್ಯವೊಂದು ಸರಿಯಿಲ್ಲದಿದ್ದರೆ ಕನ್ನಡದಲ್ಲಿ ಓದಿದವನ ಜೀವನೋಪಾಯಕ್ಕೇ ಕುತ್ತು ಬರಬಹುದು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಇತಿಹಾಸ ಅಥವಾ ಭೂಗೋಳದ ಪ್ರಶ್ನೆಯಲ್ಲಿ ಅನುವಾದ ಸ್ವಲ್ಪ ಕೆಟ್ಟರೂ ತಿಳಿದವನು ಊಹಿಸಿಕೊಳ್ಳಬಲ್ಲ. ಲೆಕ್ಕದ ಪ್ರಶ್ನೆಯಲ್ಲಿ ಒಂದು ‘ಇಂದ’, ಒಂದು ‘ಗಿಂತ’, ಒಂದು ‘ಉಳಿದ’ ತಪ್ಪಿದರೆ ಊಹೆಗೆ ಅವಕಾಶವೇ ಇರುವುದಿಲ್ಲ.

ಸಮಾರೋಪ

ಇಲ್ಲಿಯವರೆಗಿನ ವಿವೇಚನೆಯಿಂದ ಲೆಕ್ಕ ಬಿಡಿಸುವ ಕೆಲಸಕ್ಕೆ ನಾಲ್ಕು ಹಂತಗಳಿರುವುದು ಸ್ಪಷ್ಟವಾಗುತ್ತದೆ. ರಾಶಿಗಳನ್ನು ಬೇರ್ಪಡಿಸಿಕೊಳ್ಳುವುದು ಪದಚ್ಛೇದ. ಪ್ರತ್ಯಯಗಳನ್ನೂ ಸರ್ವನಾಮಗಳನ್ನೂ ಹಿಡಿದು ಅವುಗಳ ಸಂಬಂಧವನ್ನು ನಿರ್ಧರಿಸುವುದು ಅನ್ವಯ. ಮೂರನೆಯದು ಎಣಿಕೆ. ಬಂದ ಉತ್ತರವನ್ನು ಮೂಲವಾಕ್ಯಕ್ಕೆ ಮರಳಿ ಹೊಂದಿಸಿ ತಾಳೆ ನೋಡುವುದು ನಾಲ್ಕನೆಯದು. ಮೂರನೆಯ ಹಂತವೊಂದನ್ನು ಬಿಟ್ಟರೆ ಉಳಿದವು ಕನ್ನಡ ಅಧ್ಯಾಪಕರು ಹಳಗನ್ನಡ ಪದ್ಯದ ತರಗತಿಯಲ್ಲಿ ಪ್ರತಿದಿನವೂ ಮಾಡಿಸುವ ಕೆಲಸಗಳೇ.

ಆದುದರಿಂದ ಕನ್ನಡ ವಿಭಾಗಗಳ ಮುಂದೆ ಕೆಲವು ಕಾರ್ಯಗಳಿವೆ. ರಾಜಾದಿತ್ಯನ ಕೃತಿಗಳನ್ನು ಭಾಷೆಯ ದೃಷ್ಟಿಯಿಂದ, ಅದರಲ್ಲಿಯೂ ಪ್ರಶ್ನಾವಾಕ್ಯಗಳ ರಚನೆಯ ದೃಷ್ಟಿಯಿಂದ ಅಧ್ಯಯನ ಮಾಡಬೇಕಾಗಿದೆ. ಜನಪದ ಲೆಕ್ಕಗಳನ್ನು ಒಗಟು-ಗಾದೆಗಳ ಸಂಗ್ರಹದ ಅಂಚಿನಲ್ಲಿಡದೆ, ಪಾಠಾಂತರಗಳ ಸಮೇತ ಪ್ರತ್ಯೇಕವಾಗಿ ಸಂಗ್ರಹಿಸಬೇಕಾಗಿದೆ. ವ್ಯಾಕರಣ ಪಾಠದಲ್ಲಿ ಕಾರಕಗಳಿಗೆ ಕೊಡುವ ಉದಾಹರಣೆಗಳ ಸಾಲಿನಲ್ಲಿ ‘20ನ್ನು 4ರಿಂದ ಭಾಗಿಸು’ ಎಂಬ ವಾಕ್ಯಕ್ಕೂ ಸ್ಥಾನ ಸಿಗಬೇಕಾಗಿದೆ. ಪಠ್ಯಪುಸ್ತಕ ಮತ್ತು ಪ್ರಶ್ನೆಪತ್ರಿಕೆಗಳ ಗಣಿತಭಾಗವನ್ನು ಅಚ್ಚಿಗೆ ಮುನ್ನ ಕನ್ನಡ ಬಲ್ಲವರೊಬ್ಬರು ಲೆಕ್ಕವನ್ನು ಬಿಡಿಸುತ್ತಲೇ ಓದಿ ನೋಡಬೇಕಾಗಿದೆ. ಕಾಗುಣಿತ ತಿದ್ದುವುದಷ್ಟೇ ಸಾಲದು. ವಾಕ್ಯ ಹೇಳುವ ಸಂಬಂಧವೂ ಸಮೀಕರಣ ಹೇಳುವ ಸಂಬಂಧವೂ ಒಂದೇ ಆಗಿವೆಯೇ ಎಂಬುದನ್ನು ಅವರು ತಾಳೆ ನೋಡಬೇಕು. ಅದಕ್ಕೆ ಬೇಕಾದಷ್ಟು ಗಣಿತ ಕನ್ನಡ ಎಂ.ಎ. ಪದವೀಧರರ ಬಳಿ ಈಗಾಗಲೇ ಇದೆ.